ಹಸಿವು ಗೊತ್ತಿಲ್ಲದ ಡಬ್ಬಿ

“ನನ್ನ ಡಬ್ಬಿ ಸುಳ್ಳ ಹೇಳಾಕತ್ತೈತ್ರಿ ಬಾಯಾರ,” ಎಂದರು ತ್ರಿಶಲಾ ಚೌಗುಲೆ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

ನನಗೆ ಸಿಟ್ಟು ಬಂತು. ಸುಳ್ಳನ್ನು ರೋಗಿಗಳು ಹೇಳುತ್ತಾರೆ, ರೋಗಿಗಳ ಮನೆಯವರು ಹೇಳುತ್ತಾರೆ, ಒಮ್ಮೊಮ್ಮೆ ನಮ್ಮ ನಿರ್ದೇಶಕರೂ ಹೇಳುತ್ತಾರೆ. ಡಬ್ಬಿ ಹೇಳುವುದಿಲ್ಲ. ಅದನ್ನು ಕಟ್ಟಿದ ಐದು ಜನರಲ್ಲಿ ನಾನೂ ಒಬ್ಬಳು. ಮಗುವಿನ ಮೇಲೆ ದೂರು ಹೊತ್ತು ಬಂದವರನ್ನು ತಾಯಿ ನೋಡುವ ಹಾಗೆ ಅವರನ್ನು ನೋಡಿದೆ.

ಡಬ್ಬಿಯ ವಿಷಯ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಮೇದೋಜ್ಜೀರಕ ಗ್ರಂಥಿಯಲ್ಲಿ ಲಕ್ಷಾಂತರ ಜನರ ಪೈಕಿ ಒಬ್ಬಿಬ್ಬರಿಗೆ ಒಂದು ಅಪರೂಪದ ಗಡ್ಡೆ ಬೆಳೆಯುತ್ತದೆ. ಬೇಕಿರಲಿ ಬೇಡದಿರಲಿ, ಅದು ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ರಕ್ತದ ಸಕ್ಕರೆ ಕುಸಿಯುತ್ತದೆ. ರೋಗಿ ಬೆವರುತ್ತಾನೆ, ತೊದಲುತ್ತಾನೆ, ಎರಡು ಗಂಟೆಗೊಮ್ಮೆ ಏನಾದರೂ ತಿನ್ನದಿದ್ದರೆ ಕುಸಿದು ಬೀಳುತ್ತಾನೆ. ಗಡ್ಡೆಯನ್ನು ಕತ್ತರಿಸಿ ತೆಗೆದರೆ ಹೆಚ್ಚಿನವರು ಪಾರಾಗುತ್ತಾರೆ. ಕೆಲವರಿಗೆ ಮಾತ್ರ ವರ್ಷಗಳ ನಂತರ ಯಕೃತ್ತಿನಲ್ಲಿ ಮರುಕಳಿಸುತ್ತದೆ. ಯಾರಿಗೆ ಮರುಕಳಿಸುತ್ತದೆ, ಯಾವಾಗ? ಇದನ್ನು ಆ ಗಡ್ಡೆಯನ್ನೇ ಕೇಳಿದರೆ ಹೇಗೆ ಎಂದು ನಮಗೆ ಹೊಳೆದಿತ್ತು.

ಹಾಗಾಗಿ ಬೆಳಗಾವಿಯ ಹೊರವಲಯದ ನಮ್ಮ ಪ್ರಯೋಗಾಲಯದಲ್ಲಿ ಕತ್ತರಿಸಿದ ಗಡ್ಡೆಯ ಐದು ಚೂರುಗಳನ್ನು ಹೆಪ್ಪುಗಟ್ಟಿಸಿ ಇಡುತ್ತೇವೆ. ಅದರಲ್ಲೊಂದನ್ನು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಜೀವಂತ ಸಾಕುತ್ತೇವೆ. ಪೆಟ್ಟಿಗೆಯಲ್ಲಿ ಎರಡು ಕೋಣೆ. ಒಂದರಲ್ಲಿ ಗಡ್ಡೆ, ಇನ್ನೊಂದರಲ್ಲಿ ಅದೇ ರೋಗಿಯ ಯಕೃತ್ತಿನ ಕೋಶಗಳು, ನಡುವೆ ಕೂದಲೆಳೆಯಷ್ಟು ಸಪೂರ ಕಾಲುವೆ. ಕೋಶಗಳ ಗಡಿಯಾರವನ್ನು ಮೂವತ್ತು ಪಟ್ಟು ಜೋರಾಗಿ ಓಡಿಸುತ್ತೇವೆ. ಹೊರಗೆ ಒಂದು ದಿನವೆಂದರೆ ಡಬ್ಬಿಯಲ್ಲಿ ಒಂದು ತಿಂಗಳು. ರೋಗಿ ಮೊಬೈಲಿನಲ್ಲಿ ಕಳಿಸುವ ಊಟದ ಫೋಟೋ ನೋಡಿ, ಅವರು ಉಣ್ಣುವ ರೀತಿಯಲ್ಲೇ ಡಬ್ಬಿಗೂ ಉಣಿಸುತ್ತೇವೆ. ನೂರು ದಿನ ಓಡಿದರೆ ಎಂಟು ವರ್ಷದ ಮುಂದಿನ ಸುದ್ದಿ ಕೈಗೆ ಸಿಗುತ್ತದೆ. ಆರು ತಿಂಗಳಿಗೊಮ್ಮೆ ಹೊಸ ಚೂರು ಹಾಕಿ, ಊಟದ ಹೊಸ ವಿವರ ಕೊಟ್ಟು ಮತ್ತೆ ಓಡಿಸುತ್ತೇವೆ.

ಇದಕ್ಕೆ ನಾವಿಟ್ಟ ಉದ್ದನೆಯ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಜನ ಡಬ್ಬಿ ಎಂದರು, ಒಗ್ಗಿಕೊಂಡರು. ಗೋಕಾಕದ ಒಬ್ಬರು ದೀಪಾವಳಿಗೆ ತಮ್ಮ ಡಬ್ಬಿಗೆಂದು ಕರದಂಟು ಕಳಿಸುತ್ತಾರೆ, ತಿನ್ನುವವರು ನಾವು. ಹುಡುಗನ ಡಬ್ಬಿ ಹೇಗಿದೆ ಎಂದು ಹೆಣ್ಣಿನ ಕಡೆಯವರು ಫೋನ್ ಮಾಡಿ ಕೇಳಿದ್ದೂ ಇದೆ. ಬೈದು ಫೋನ್ ಇಟ್ಟಿದ್ದೇನೆ.

ತ್ರಿಶಲಾ ಅವರ ಡಬ್ಬಿ ನಾಲ್ಕು ಸಲ ಓಡಿತ್ತು. ನಾಲ್ಕು ಸಲವೂ ತಣ್ಣಗಿತ್ತು, ಗಡ್ಡೆ ಮರುಕಳಿಸಿರಲಿಲ್ಲ. ಬರುವ ಇಪ್ಪತ್ತನೇ ತಾರೀಖಿಗೆ ಅದನ್ನು ಮುಚ್ಚುವುದೆಂದು ತೀರ್ಮಾನವಾಗಿತ್ತು. ಮುಚ್ಚಿದ ಮೇಲೆ ಸ್ಕ್ಯಾನ್ ಇಲ್ಲ, ತಪಾಸಣೆ ಇಲ್ಲ. ಹೆಚ್ಚಿನವರು ಆ ದಿನ ಪೇಢೆ ಹಂಚುತ್ತಾರೆ. ಈಕೆ ಜಗಳಕ್ಕೆ ಬಂದಿದ್ದರು.

“ಸುಳ್ಳು ಅಂತ ಹೆಂಗ ಹೇಳ್ತೀರಿ ಅಕ್ಕಾರ?” ಎಂದು ಕೇಳಿದೆ.

ಅವರು ಚೀಲದಿಂದ ಉದ್ದನೆಯ ಒಂದು ಪುಸ್ತಕ ತೆಗೆದರು. ತಾಲ್ಲೂಕು ಊರೊಂದರ ಬಸ್ ನಿಲ್ದಾಣದಲ್ಲಿ ಅವರು ಸಂಚಾರ ನಿಯಂತ್ರಕರು. ಬಸ್ಸುಗಳು ಈಗ ತಾವೇ ಓಡುತ್ತವೆ, ತಾವೇ ನಿಲ್ಲುತ್ತವೆ. ಆದರೆ ಯಾವುದು ಎಷ್ಟು ಹೊತ್ತಿಗೆ ಬಂತೆಂದು ಒಬ್ಬ ಮನುಷ್ಯ ಕೈಯಿಂದ ಬರೆದಿಡಬೇಕೆಂಬ ನಿಯಮ ಮಾತ್ರ ಹೋಗಿಲ್ಲ. ಇಪ್ಪತ್ತೆಂಟು ವರ್ಷ ಬರೆದ ಕೈ ಅದು. ಪುಟದ ಮೇಲೆ ಗೆರೆ ಹೊಡೆದು ಮೂರು ಕಾಲಮ್ಮು ಮಾಡಿದ್ದರು: ಹೊರಟ ಹೊತ್ತು, ಬೆವರು ಬಂದ ಹೊತ್ತು, ಮುಟ್ಟಿದ ಹೊತ್ತು.

“ಇದು ಯಾವ ಬಸ್ಸಿಂದ್ರಿ?”

“ಬಸ್ಸಿಂದಲ್ಲ. ನನ್ನ ಉಪವಾಸದ್ದು.”

ಆಗ ಕುಳಿತರು. ಹೇಳಿದರು. ಜೈನರ ಮನೆ, ಹುಟ್ಟಿದಾಗಿನಿಂದ ಸೂರ್ಯ ಮುಳುಗಿದ ಮೇಲೆ ತುತ್ತು ಬಾಯಿಗಿಟ್ಟವರಲ್ಲ. ಗಡ್ಡೆ ಇದ್ದ ಮೂರು ವರ್ಷ ಎರಡು ಗಂಟೆಗೊಮ್ಮೆ ತಿನ್ನಲೇಬೇಕಾಯಿತು, ಕತ್ತಲಾದ ಮೇಲೂ. ಗಂಡ ಅಲಾರಾಂ ಇಟ್ಟು ಎಬ್ಬಿಸುತ್ತಿದ್ದ, ಇವರು ಗೋಡೆಯ ಕಡೆ ಮುಖ ಮಾಡಿ, ಅಳುತ್ತ, ಬಾಳೆಹಣ್ಣು ನುಂಗುತ್ತಿದ್ದರು. ಗುಣವಾದರೆ ಪ್ರತಿ ಚತುರ್ದಶಿಗೂ ಉಪವಾಸ ಮಾಡುತ್ತೇನೆಂದು ಆಗಲೇ ಹರಕೆ ಹೊತ್ತಿದ್ದರು. ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಿಗೆ ಶುರು ಮಾಡಿದರು. ಹಿಂದಿನ ಸಂಜೆ ಊಟ, ಮರುದಿನವಿಡೀ ಹಗಲಲ್ಲಿ ಕಾದಾರಿದ ನೀರು ಮಾತ್ರ, ಅದರ ಮರುದಿನ ಬೆಳಿಗ್ಗೆ ಪಾರಣೆ. ಮೂವತ್ತಾರು ಗಂಟೆ.

“ಉಪವಾಸ ಮಾಡಬಾರ್ದು ಅಂತ ಬರದು ಕೊಟ್ಟಿದ್ವಿ!”

“ಅದಕ್ಕ ಹೇಳಲಿಲ್ರಿ.”

“ಮತ್ತ ದಿನಾ ಮೂರು ಹೊತ್ತು ಊಟದ ಫೋಟೋ ಬರ್ತಿದ್ವಲ್ಲ?”

ತ್ರಿಶಲಾ ಮೊದಲ ಸಲ ತಲೆ ತಗ್ಗಿಸಿದರು. “ಅವು ನಮ್ಮ ಯಜಮಾನರ ತಾಟ.”

ನಾನು ಪುಸ್ತಕ ನೋಡಿದೆ. ಮೊದಲ ಮೂವತ್ತೈದು ಚತುರ್ದಶಿಗಳಲ್ಲಿ ಬೆವರಿನ ಕಾಲಮ್ಮು ಖಾಲಿ. ಆಮೇಲೆ ಮೂವತ್ತಮೂರನೇ ಗಂಟೆಗೆ ಒಮ್ಮೆ. ಮುಂದೆ ಮೂವತ್ತು, ಇಪ್ಪತ್ತೆಂಟು, ಇಪ್ಪತ್ತಾರು. ಕೊನೆಯ ಸಾಲಿನಲ್ಲಿ ಇಪ್ಪತ್ತೆರಡು, ಪಕ್ಕದಲ್ಲಿ ಸಣ್ಣ ಅಕ್ಷರ: ‘ಮಿರಜ ಗಾಡಿಗೆ ಗೋಕಾಕ ಅಂತ ಕೂಗಿದೆ. ಸಕ್ಕರೆ ನೀರು ಕುಡಿದೆ. ವ್ರತ ಮುರಿಯಿತು.’

ಈ ಗಡ್ಡೆಯನ್ನು ಪತ್ತೆಹಚ್ಚಲು ವೈದ್ಯರು ಮಾಡುವ ಪರೀಕ್ಷೆ ಯಾವುದು ಗೊತ್ತೇ? ಉಪವಾಸ. ಆಸ್ಪತ್ರೆಯಲ್ಲಿ ಮಲಗಿಸಿ, ಊಟ ನಿಲ್ಲಿಸಿ, ಎಷ್ಟನೇ ಗಂಟೆಗೆ ಸಕ್ಕರೆ ಕುಸಿಯುತ್ತದೆಂದು ಕಾಯುತ್ತಾರೆ. ನಮ್ಮ ಡಬ್ಬಿ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಾಗ ಈ ಹೆಂಗಸು ಹದಿನೈದು ದಿನಕ್ಕೊಮ್ಮೆ ತಮ್ಮ ಮೇಲೆ ತಾವೇ ಆ ಪರೀಕ್ಷೆ ಮಾಡಿಕೊಂಡಿದ್ದರು.

ಅವರನ್ನು ಕಳಿಸಿ ಫೋಟೋಗಳನ್ನು ತೆರೆದೆ. ತಾಟಿನ ಅಂಚು ಹಿಡಿದ ಹೆಬ್ಬೆರಳು ಎಲ್ಲದರಲ್ಲೂ ಇತ್ತು. ಉಳಿದ ದಿನ ಅದು ತ್ರಿಶಲಾ ಅವರ ಶಾಯಿ ಹತ್ತಿದ ಹೆಬ್ಬೆರಳು. ಚತುರ್ದಶಿಯ ದಿನ ಮಾತ್ರ ಹಿಟ್ಟು ಮೆತ್ತಿದ ಗಂಡಸಿನ ಹೆಬ್ಬೆರಳು. ಅವರ ಪತಿ ಜಿನಗೊಂಡ ಹಿಟ್ಟಿನ ಗಿರಣಿ ನಡೆಸುತ್ತಾರೆ. ‘ಅಕ್ಕಾರ ಇವತ್ತು ನಾಲ್ಕು ರೊಟ್ಟಿ ಹೊಡದಾರ’ ಎಂದು ನಾವು ಆ ಫೋಟೋ ನೋಡಿ ನಕ್ಕಿದ್ದೂ ನೆನಪಾಯಿತು.

ಜಿನಗೊಂಡರನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಭಾನುವಾರ ಮಧ್ಯಾಹ್ನ ಅವರ ಮನೆಗೇ ಹೋದೆ. ಗಿರಣಿಯ ಹಿಂದೆಯೇ ಮನೆ. ಮೈಯೆಲ್ಲ ಹಿಟ್ಟಾಗಿದ್ದ ಮನುಷ್ಯ ನನ್ನನ್ನು ಕಂಡು ಕೈ ಒರೆಸಿಕೊಂಡು ಒರೆಸಿಕೊಂಡು ಟವೆಲ್ಲನ್ನೇ ಬಿಳಿ ಮಾಡಿದರು.

“ಯಾಕ ಹಿಂಗ ಮಾಡಿದ್ರಿ ಅಣ್ಣಾರ? ಆಕಿ ಜೀವದ ಪ್ರಶ್ನೆ ಅಲ್ಲೇನು?”

“ಖಾಲಿ ಬಿಟ್ರ ನಿಮ್ಮ ಮೊಬೈಲು ಬಿಡವಲ್ದರಿ ಮೇಡಂ,” ಎಂದರು ಅವರು. “ಕುಂಯ್ ಕುಂಯ್ ಅಂತ ಒದರತೈತಿ. ಊಟಾ ತುಂಬ್ರಿ, ಊಟಾ ತುಂಬ್ರಿ. ಉಂಡಿಲ್ಲಾ ಅಂತ ಹೇಳಾಕ ಅದರಾಗ ಜಾಗಾನ ಇಲ್ಲ. ಒಂದಿನಾ ಸಿಟ್ಟಿಗೆದ್ದು ನನ್ನ ತಾಟಿಂದು ಹೊಡದು ಕಳಿಸಿದೆ. ಸುಮ್ಮನಾತು. ಅವತ್ತಿನಿಂದ ಅದ ರೂಢಿ ಆತು.”

ತರಾಟೆ ನನ್ನ ಕಡೆಗೇ ತಿರುಗಿತು. ಊಟದ ವಿವರ ತುಂಬುವ ಆ ನಮೂನೆ ಬರೆದವಳು ನಾನು. ಎಣ್ಣೆಗೆ ಕಾಲಮ್ಮಿತ್ತು, ಎಲೆ ಅಡಿಕೆಗೆ ಇತ್ತು, ಮದುವೆಮನೆ ಊಟಕ್ಕೂ ಇತ್ತು. ಉಣ್ಣದ ಹೊತ್ತಿಗೆ ಇರಲಿಲ್ಲ. ನಾನು ಶಮೀಮ್ ನದಾಫ, ವರ್ಷಕ್ಕೆ ಮೂವತ್ತು ದಿನ ರೋಜಾ ಹಿಡಿಯುವವಳು. ಏಕಾದಶಿ, ಸಂಕಷ್ಟಿ, ಸೋಮವಾರ, ಚತುರ್ದಶಿ, ರಂಜಾನ್ ಎಂದು ಹಸಿದಿರುವುದನ್ನೇ ಬಾಳುವೆ ಮಾಡಿಕೊಂಡ ಊರುಗಳ ಜನರಿಗೆ ಹಸಿವೇ ಗೊತ್ತಿಲ್ಲದ ಯಂತ್ರ ಕಟ್ಟಿಕೊಟ್ಟಿದ್ದೆ. ನನಗೆ ನಾಚಿಕೆಯಾಯಿತು.

ತ್ರಿಶಲಾ ಒಳಗಿಂದ ಚಹಾ ತಂದರು. “ಅವರಿಗೆ ಬೈಬ್ಯಾಡ್ರಿ,” ಎಂದರು. “ಮಾಡಿದಾಕಿ ನಾ. ಈಗ ಮುಂದಿಂದು ಹೇಳ್ರಿ.”

“ಖರೇ ಲೆಕ್ಕ ಕೊಟ್ಟು ಡಬ್ಬಿ ಮತ್ತ ಓಡಿಸ್ತೇನಿ.”

“ಹಂಗಾರ ಪುಸ್ತಕ ತಗೊಂಡು ಹೋಗ್ರಿ. ಆದ್ರ ಹಾಳಿ ಹರೀಬ್ಯಾಡ್ರಿ, ನಂಬರ್ ಹಾಕೇನಿ.”

ನಮ್ಮ ನಿರ್ದೇಶಕ ಡಾ. ಗಲಗಲಿ ಪುಸ್ತಕವನ್ನು ತುದಿಬೆರಳಲ್ಲಿ ತಿರುವಿ ನೋಡಿದರು. ಕೆಟ್ಟವರಲ್ಲ, ಆದರೆ ಅವರ ಲೋಕದಲ್ಲಿ ಸಹಿ ಬಿದ್ದದ್ದು ಮಾತ್ರ ನಿಜ.

“ಇದು ಹೆಂಗ ದಾಖಲೆ ಆಗ್ತದರೀ ಶಮೀಮ್? ನಾಳೆ ಇನ್ನೊಬ್ಬರು ಹಾಲಿನ ಪುಸ್ತಕ ತರ್ತಾರ. ಉಳಿದದ್ದು ಒಂದ ಚೂರು ಅದ. ಅದೂ ಕೆಟ್ಟುಹೋತಂದ್ರ ಆಕಿ ಗಡ್ಡೆ ಬಗ್ಗೆ ಕೇಳಲಿಕ್ಕೆ ಮತ್ತೇನೂ ಉಳಿಯೂದಿಲ್ಲ. ಒಂದು ಸ್ಕ್ಯಾನ್ ಮಾಡಿಸಿ ಕಳಸ್ರಿ.”

“ಮಾಡಿಸೀನಿ ಸರ್. ಏನೂ ಕಾಣಲಿಲ್ಲ. ಅಕ್ಕಿಕಾಳಿನಷ್ಟಿದ್ರ ಕಾಣೂದೂ ಇಲ್ಲ, ಎಲ್ಲಿ ಹುಡುಕಬೇಕಂತ ಗೊತ್ತಿದ್ರ ಮಾತ್ರ ಕಾಣ್ತದ. ನಾಲ್ಕು ಚೂರು ಸುಳ್ಳು ಊಟಕ್ಕ ಹಾಳು ಮಾಡೀವಿ. ಐದನೇದು ಖರೇ ಹಸಿವಿಗೆ ಕೊಡ್ರಿ.”

“ಕೊಡದಿದ್ರ?”

“ಇಪ್ಪತ್ತನೇ ತಾರೀಖಿಗೆ ಡಬ್ಬಿ ಮುಚ್ಚೂ ಕಾಗದದ ಮ್ಯಾಲೆ ನಾ ಸಹಿ ಹಾಕೂದಿಲ್ಲ. ಯಾಕ ಹಾಕಲಿಲ್ಲ ಅಂತ ಎರಡು ಪುಟ ಬರೀತೇನಿ.”

ಗಲಗಲಿಯವರು ಕನ್ನಡಕ ತೆಗೆದು ಒರೆಸಿದರು. ಎರಡು ಪುಟದ ಟಿಪ್ಪಣಿಗೆ ಅವರು ಹೆದರುವಷ್ಟು ಯಾವುದಕ್ಕೂ ಹೆದರುವುದಿಲ್ಲ. ಚೂರು ಸಿಕ್ಕಿತು.

ಡಬ್ಬಿಗೆ ಹಸಿವು ಕಲಿಸುವ ಕೆಲಸ ಶುರುವಾಯಿತು. ತ್ರಿಶಲಾ ಅವರ ಮೂವತ್ತಾರು ಗಂಟೆ ಡಬ್ಬಿಗೆ ಎಪ್ಪತ್ತೆರಡು ನಿಮಿಷ. ಹದಿನೈದು ದಿನಕ್ಕೊಮ್ಮೆ ಎಂದರೆ ನಮಗೆ ದಿನಕ್ಕೆರಡು ಸಲ. ಹಾಗೆ ಊಟ ನಿಲ್ಲಿಸುವ ಆಜ್ಞೆಯೇ ಯಂತ್ರದಲ್ಲಿರಲಿಲ್ಲ, ಖಾಲಿ ಬಿಟ್ಟರೆ ಅದೂ ಜಿನಗೊಂಡರ ಮೊಬೈಲಿನಂತೆಯೇ ಕಿರುಚುತ್ತಿತ್ತು. ಕೊನೆಗೆ ನಾನೇ ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಎಂಟಕ್ಕೊಮ್ಮೆ ಬಂದು ಕೈಯಿಂದ ನಳ ತಿರುಗಿಸಿ ಎಪ್ಪತ್ತೆರಡು ನಿಮಿಷ ಪಕ್ಕದಲ್ಲಿ ಕೂತೆ. ಒಂದು ದಿನವೂ ತಪ್ಪಿಸಲಿಲ್ಲ. ತಂಗಿಯ ಮಗಳ ನಾಮಕರಣದಿಂದಲೂ ಅರ್ಧಕ್ಕೆ ಎದ್ದು ಬಂದೆ, ಮನೆಯವರ ಬಾಯಿಗೆ ಬಿದ್ದೆ.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಯಕೃತ್ತಿನ ಕೋಣೆಯ ಗಾಜಿನಡಿ ಒಂದು ಚುಕ್ಕೆ ಕಂಡಿತು. ಧೂಳಿರಬೇಕೆಂದು ಗಾಜು ಒರೆಸಿದೆ. ಧೂಳಾಗಿರಲಿಲ್ಲ. ಸಂಜೆಯ ಹೊತ್ತಿಗೆ ಅದು ಹಿಗ್ಗಿತ್ತು, ಇನ್ಸುಲಿನ್ ಸುರಿಸುತ್ತಿತ್ತು.

ಆ ಚುಕ್ಕೆಯ ಜೀನುಗಳನ್ನು ಓದಿಸಿದೆ. ಇಳಕಲ್ ಸೀರೆಯ ಸೆರಗಿನ ತುದಿಯಲ್ಲಿ ಎಳೆ ಬಿಚ್ಚದಿರಲೆಂದು ಗಂಟು ಹಾಕಿರುತ್ತಾರಲ್ಲ, ನಮ್ಮ ವರ್ಣತಂತುಗಳ ತುದಿಗೂ ಅಂಥ ಗಂಟುಗಳಿವೆ. ಕೋಶ ಒಡೆದು ಎರಡಾದಾಗಲೆಲ್ಲ ಗಂಟು ಸವೆಯುತ್ತದೆ. ಪೂರ್ತಿ ಸವೆದ ಕೋಶ ಬೆಳೆಯುವುದನ್ನು ನಿಲ್ಲಿಸುತ್ತದೆ. ಆ ತುದಿಯ ಕಾವಲಿಗೆ ಡ್ಯಾಕ್ಸ್ ಎಂಬ ಜೀನ್ ಇದೆ. ಅದು ಮುರಿದರೆ ಕೋಶ ಕಳ್ಳದಾರಿಯಲ್ಲಿ ಹೊಸ ಗಂಟು ಹಾಕಿಕೊಳ್ಳುತ್ತದೆ, ಸವೆಯುವುದೇ ಇಲ್ಲ. ಚುಕ್ಕೆಯ ಎಲ್ಲ ಕೋಶಗಳಲ್ಲೂ ಡ್ಯಾಕ್ಸ್ ಮುರಿದಿತ್ತು. ಹಳೆಯ ವರದಿ ತೆಗೆದು ನೋಡಿದೆ. ಎರಡು ವರ್ಷದ ಹಿಂದಿನ ಮೂಲ ಗಡ್ಡೆಯಲ್ಲೂ ನೂರಕ್ಕೆ ಮೂರು ಕೋಶ ಹಾಗಿದ್ದವು. ಐದಕ್ಕಿಂತ ಕಡಿಮೆ ಇದ್ದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದಿರಲಿಲ್ಲ.

ಡಬ್ಬಿಯಲ್ಲಿ ಚುಕ್ಕೆ ಬಂದದ್ದು ಇಪ್ಪತ್ತಮೂರನೇ ತಿಂಗಳಿಗೆ. ತ್ರಿಶಲಾ ಅವರಿಗೆ ಆಗಲೇ ಇಪ್ಪತ್ತಾರನೇ ತಿಂಗಳು. ಮುಂದಿನ ಸುದ್ದಿ ಹೇಳುವ ಯಂತ್ರ ಹಳೆಯ ಸುದ್ದಿ ಹೇಳಿತ್ತು.

ಮರುದಿನವೇ ಗಂಡ ಹೆಂಡತಿ ಇಬ್ಬರನ್ನೂ ಕರೆಸಿ ಹೇಳಿದೆ. ತ್ರಿಶಲಾ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. “ನನ್ನ ಉಪವಾಸದಿಂದ ಬಂತೇನ್ರಿ?”

ಜಿನಗೊಂಡ ನನ್ನ ಮುಖವನ್ನೇ ನೋಡುತ್ತಿದ್ದರು. ಸಮಾಧಾನಕ್ಕೆಂದು ಸುಳ್ಳು ಹೇಳುವ ಹೊತ್ತು ಅದಾಗಿರಲಿಲ್ಲ, ಪುಣ್ಯಕ್ಕೆ ಹೇಳಬೇಕಾಗಿಯೂ ಬರಲಿಲ್ಲ.

“ಇಲ್ಲ ಅಕ್ಕಾರ. ಆ ಹಾಳು ಕೋಶ ನಿಮ್ಮ ಹರಕೆಗಿಂತ ಮೊದಲ ಇದ್ದವು. ಡಬ್ಬಿಯೊಳಗ ಗಡ್ಡೆಯಾಗಿನ ಸಾದಾ ಕೋಶ ಉಂಡು ತಿಂದು ಜಾಗಾ ಎಲ್ಲಾ ಹಿಡಕೊಂಡಿದ್ವು, ಇವಕ್ಕ ತಲೆ ಎತ್ತಾಕ ಆಗಿರಲಿಲ್ಲ. ಹಸಿವಿಗೆ ಸಾದಾ ಕೋಶ ಸತ್ತವು, ಇವು ಹೊರಗ ಬಂದವು. ನಿಮ್ಮ ಮೈಯಾಗ ಆ ಸಾದಾ ಕೋಶ ಆಪರೇಶನ್‌ನಾಗ ಮೊದಲ ಹೋಗಿದ್ವು, ಇವಷ್ಟ ಉಳದಿದ್ವು. ನೀವು ದಿನಾ ಹೋಳಿಗೆ ಉಂಡಿದ್ರೂ ಇದು ಬರ್ತಿತ್ತು. ಬಂದದ್ದು ಗೊತ್ತಾಗ್ತಿರಲಿಲ್ಲ, ಅಷ್ಟ.”

ಅವರು ಗಂಡನ ಕಡೆ ತಿರುಗಿದರು. “ಕೇಳಿದ್ರ್ಯಾ?” ಎಂದರು. ಆತ ಮುಖ ಆಚೆ ತಿರುಗಿಸಿ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ಇನ್ನು ಉಳಿದದ್ದು ಮೈಯಲ್ಲಿರುವುದನ್ನು ಸಾಬೀತು ಮಾಡುವುದು. ಡಬ್ಬಿಯ ಮಾತೊಂದನ್ನೇ ನಂಬಿ ಯಾವ ಶಸ್ತ್ರವೈದ್ಯನೂ ಹೊಟ್ಟೆ ತೆರೆಯುವುದಿಲ್ಲ. ಆಸ್ಪತ್ರೆಯಲ್ಲಿ ಉಪವಾಸ ಕೂರಬೇಕು, ಸಕ್ಕರೆ ಕುಸಿದ ಕ್ಷಣವೇ ರಕ್ತ ತೆಗೆಯಬೇಕು, ತಕ್ಷಣ ರಕ್ತನಾಳಕ್ಕೆ ಗ್ಲೂಕೋಸ್ ಏರಿಸಬೇಕು. ಏರಿಸುವುದು ತಡವಾದರೆ ಮಿದುಳಿಗೆ ಪೆಟ್ಟು. ಬೇಗ ಏರಿಸಿದರೆ ಪರೀಕ್ಷೆ ಹಾಳು.

“ಚತುರ್ದಶಿಗೆ ಇಡ್ರಿ,” ಎಂದರು ತ್ರಿಶಲಾ. “ಹೆಂಗೂ ಹಸದಿರೂದು ಐತಿ.”

ತ್ರಯೋದಶಿಯ ಸಂಜೆ ಆರಕ್ಕೆ ಆಸ್ಪತ್ರೆಯಲ್ಲಿ ಊಟ ಮುಗಿಸಿ ಪುಸ್ತಕದಲ್ಲಿ ಹೊರಟ ಹೊತ್ತು ಬರೆದರು. ಬೆಳಿಗ್ಗೆ ನಾನು ಹೋದಾಗ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನರ್ಸಿಗೆ ಮಿರಜ ದಾರಿಯ ಬಸ್ಸುಗಳನ್ನು ಹೊತ್ತಿನ ಸಮೇತ ಹೇಳುತ್ತಿದ್ದರು. ನನ್ನ ಕೈಗೆ ಮಡಿಸಿದ ಹಾಳೆಯೊಂದನ್ನು ಕೊಟ್ಟರು. “ಈಗ ಓದಬ್ಯಾಡ್ರಿ. ಬೇಕಾದಾಗ ತಗೀರಿ.”

ಹನ್ನೊಂದಕ್ಕೆ ಸಕ್ಕರೆ ಅರವತ್ತೆಂಟು. ಹನ್ನೆರಡಕ್ಕೆ ಐವತ್ತೇಳು. ಹನ್ನೆರಡೂವರೆಗೆ ಹಣೆಯ ಮೇಲೆ ಬೆವರು. ಹನ್ನೆರಡು ನಲವತ್ತಕ್ಕೆ ನಲವತ್ತೊಂದು. ರಕ್ತ ತೆಗೆದರು. ನರ್ಸ್ ಗ್ಲೂಕೋಸಿನ ನಳಿಗೆ ಹಿಡಿದು ಬಗ್ಗಿದಾಗ ತ್ರಿಶಲಾ ಸರಕ್ಕನೆ ಸೂಜಿ ಚುಚ್ಚಿದ್ದ ಕೈಯನ್ನು ಎದೆಗವಚಿಕೊಂಡರು.

“ಮುಟ್ಟಬ್ಯಾಡ್ರಿ. ಚತುರ್ದಶಿ ಐತಿ. ಹೊತ್ತು ಮುಳಗೇತಿ, ಕಾಣವಲ್ದೇನ? ಏನೂ ಕೊಡಬ್ಯಾಡ್ರಿ ನನಗ.”

ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು ಬಡಿಯುತ್ತಿತ್ತು. ತ್ರಿಶಲಾ ಅವರ ಕಣ್ಣುಗಳು ಎಲ್ಲೋ ನೆಟ್ಟಿದ್ದವು. ನರ್ಸ್ ಹಿಂಜರಿದರು, ರೋಗಿ ಬೇಡವೆಂದರೆ ಕೊಡುವಂತಿಲ್ಲ. ವಾರ್ಡಿನ ಡಾಕ್ಟರು ನನ್ನ ಮುಖ ನೋಡಿದರು. ಆಗ ಹಾಳೆ ನೆನಪಾಗಿ ಬಿಡಿಸಿ ಗಟ್ಟಿಯಾಗಿ ಓದಿದೆ.

“ಬೆವರು ಬಂದ ಮೇಲೆ ನಾನು ಆಡುವ ಮಾತು ನನ್ನದಲ್ಲ. ಬೇಡ ಅಂದರೂ, ಅತ್ತರೂ, ಕೈ ಕಸಿದುಕೊಂಡರೂ ಸಕ್ಕರೆ ಏರಿಸತಕ್ಕದ್ದು. ರಕ್ತನಾಳಕ್ಕೆ ಹೋಗುವುದು ಊಟವಲ್ಲವೆಂದು ನಾನು ವಿಚಾರ ಮಾಡಿ ನಿರ್ಧರಿಸಿದ್ದೇನೆ. ವ್ರತದ ಹೊಣೆ ನನ್ನದು. ಸಹಿ, ತ್ರಿಶಲಾ ಜಿನಗೊಂಡ ಚೌಗುಲೆ, ಸಂಚಾರ ನಿಯಂತ್ರಕರು. ಸಮಯ ಬೆಳಿಗ್ಗೆ 7.05.”

ಜಿನಗೊಂಡ ಮುಂದೆ ಬಂದರು. ಎರಡು ವರ್ಷ ಹೆಂಡತಿಯ ಮಾತು ಮೀರದೆ ಸುಳ್ಳು ಫೋಟೋ ಕಳಿಸಿದ ಮನುಷ್ಯ, ಆಕೆಯ ಕೈಯನ್ನು ಮೆಲ್ಲಗೆ ಬಿಡಿಸಿ ಚಾಚಿ ಹಿಡಿದರು. “ನೀನ ಬರದಿ, ತ್ರಿಶಲಾ,” ಎಂದರು. “ನೀ ಬರದದ್ದು ನಾ ಮೀರಂಗಿಲ್ಲ.” ಗ್ಲೂಕೋಸ್ ರಕ್ತನಾಳಕ್ಕೆ ಇಳಿಯಿತು.

ಐದು ನಿಮಿಷಕ್ಕೆ ಅವರ ಕಣ್ಣಿಗೆ ಜೀವ ಬಂತು. ನನ್ನನ್ನು ನೋಡಿದರು, ಗಂಡನನ್ನು ನೋಡಿದರು, ಗೋಡೆ ಗಡಿಯಾರ ನೋಡಿದರು. “ಎಷ್ಟಕ್ಕ ಆತ್ರಿ?”

“ಹದಿನೆಂಟು ಗಂಟಿ ನಲವತ್ತು ನಿಮಿಷಕ್ಕ.”

“ಬರೀರಿ ಮತ್ತ, ಏನ್ ನೋಡ್ತೀರಿ?”

ಬರೆದೆ. ಆಗ ತೆಗೆದ ರಕ್ತದಲ್ಲಿ ಇನ್ಸುಲಿನ್ ಇರಬೇಕಾದದ್ದಕ್ಕಿಂತ ಹತ್ತು ಪಟ್ಟಿತ್ತು. ಎಲ್ಲಿ ನೋಡಬೇಕೆಂದು ಗೊತ್ತಾದ ಮೇಲೆ ವಿಶೇಷ ಸ್ಕ್ಯಾನಿನಲ್ಲಿ ಯಕೃತ್ತಿನ ಬಲಗಡೆ ಆರು ಮಿಲಿಮೀಟರಿನ ಒಂದೇ ಒಂದು ಕಾಳು ಸಿಕ್ಕಿತು. ಹದಿನೈದು ದಿನದಲ್ಲಿ ತೆಗೆದರು. ಇಪ್ಪತ್ತನೇ ತಾರೀಖು ಯಾವಾಗಲೋ ಕಳೆದುಹೋಗಿತ್ತು, ಮುಚ್ಚುವ ಕಾಗದವನ್ನು ಗಲಗಲಿಯವರು ತಾವೇ ಹರಿದರು. ನಮೂನೆಯಲ್ಲಿ ಈಗ ಉಪವಾಸಕ್ಕೊಂದು ಕಾಲಮ್ಮಿದೆ. ಹಾಕಿದ ಮೊದಲ ವಾರವೇ ಇನ್ನೂರಹನ್ನೊಂದು ಡಬ್ಬಿಗಳ ಪೈಕಿ ತೊಂಬತ್ತರ ಲೆಕ್ಕ ತಪ್ಪಿತ್ತೆಂದು ತಿಳಿಯಿತು. ಎಲ್ಲವನ್ನೂ ಮತ್ತೆ ಓಡಿಸುತ್ತಿದ್ದೇವೆ.

ತೆಗೆದ ಕಾಳಿನಿಂದ ತ್ರಿಶಲಾ ಅವರಿಗೆ ಹೊಸ ಡಬ್ಬಿ ಹೂಡಿದೆವು, ಖರೇ ಊಟ, ಖರೇ ಹಸಿವು. ಐವತ್ತೊಂದು ದಿನ ತಣ್ಣಗಿತ್ತು. ಐವತ್ತೆರಡನೇ ದಿನ ಗಾಜಿನಡಿ ಮತ್ತೆ ಚುಕ್ಕೆ.

ಅದನ್ನು ಹೇಳಲು ತ್ರಿಶಲಾ ಅವರನ್ನು ಕರೆಸಿದೆ. ಅವರು ಕೆಲಸಕ್ಕೆ ಮರಳಿದ್ದರು, ಪಾಳಿ ಮುಗಿಸಿ ಮಧ್ಯಾಹ್ನ ಬಂದರು. ತೋಳಿನ ಮೇಲೆ ಸಕ್ಕರೆ ಅಳೆಯುವ ಬಿಲ್ಲೆ, ಉಪವಾಸಕ್ಕೆ ನಾವು ಹಾಕಿದ ಷರತ್ತು. ಹೇಳಿದೆ. ನಾಲ್ಕು ವರ್ಷ ನಾಲ್ಕು ತಿಂಗಳಿಗೆ ಮತ್ತೆ ಬರಬಹುದು. ಮೂವತ್ತೆಂಟು ವರ್ಷದ ಹೆಂಗಸು ನಾನು, ಆದರೂ ಕಣ್ಣೀರು ಬಂದೇಬಿಟ್ಟಿತು.

ಅವರು ಪುಸ್ತಕ ತೆಗೆದು ಹೊಸ ಪುಟಕ್ಕೆ ಗೆರೆ ಹೊಡೆದರು. “ಎಲ್ಲಿಗೆ ಬರತೈತಿ?”

“ಲಿವರಿಗೆ. ಬಹುತೇಕ ಬಲಗಡೆ, ಮೊದಲಿನ ಜಾಗಾದ ಹತ್ರಾನ.”

ಬರೆದುಕೊಂಡರು. ತಿಂಗಳು ಎಣಿಸಿ ತಾರೀಖನ್ನೂ ಬರೆದರು. ಶಾಯಿ ಆರುವವರೆಗೆ ಊದಿ ಪುಸ್ತಕ ಮುಚ್ಚಿದರು.

“ನೀವ್ಯಾಕ ಅಳತೀರಿ ಬಾಯಾರ? ಹಿಂದಿನ ಸಲ ಅದು ಹೇಳದ ಕೇಳದ ಬಂದಿತ್ತು. ಈ ಸಲ ಹೊತ್ತೂ ಗೊತ್ತೈತಿ, ಜಾಗಾನೂ ಗೊತ್ತೈತಿ. ಬರ್ಲಿ. ಬರೂ ಹೊತ್ತಿಗೆ ನಾ ಕೌಂಟರಿನಾಗ ಇರತೇನಿ.”

ಚೀಲ ಹೆಗಲಿಗೇರಿಸಿ ಗಡಿಯಾರ ನೋಡಿ ಎದ್ದರು. ಮರುದಿನ ಚತುರ್ದಶಿ. ಸೂರ್ಯ ಮುಳುಗುವ ಮೊದಲು ಅವರು ಮನೆ ಸೇರಿ ಊಟ ಮುಗಿಸಬೇಕಿತ್ತು.